ಕಣಕಟ್ಟೆಯ ಕಂಪ್ಯೂಟರ್ ಮತ್ತು ದ್ರಾಕ್ಷಾಯಣಿಯ ಹೆಸರು

ಇನ್ನೂ ಪೂರ್ತಿ ಬೆಳಗಾಗಿಲ್ಲ. ಅರಸೀಕೆರೆ ರೈಲು ನಿಲ್ದಾಣದ ಹಿಂಬದಿಯ ಬೀದಿಯಲ್ಲೊಂದು ಹಂಚಿನ ಮನೆ. ಅದರ ಮುಂದಿನ ಕೋಣೆಯಲ್ಲಿ ದ್ರಾಕ್ಷಾಯಣಿ ಒಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದಾರೆ. ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಸಣ್ಣ ಚಿಮುಟ. ಬೋರ್ಡಿನ ಸಂದಿಗೆ ಚಿಮುಟದ ತುದಿ ಇಳಿಸಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಮೇಲೆತ್ತುತ್ತಾರೆ. ಹೊರಗೆ ಬರುವುದು ಸ್ಕ್ರೂ ಅಲ್ಲ, ಅಕ್ಕಿಕಾಳು. ಅರಿಸಿನ ಹಚ್ಚಿದ ಅಕ್ಕಿಕಾಳು. ಪಕ್ಕದ ಸ್ಟೀಲ್ ಬಟ್ಟಲಲ್ಲಿ ಅಂಥವು ಆಗಲೇ ಒಂದಷ್ಟಿವೆ.

ನಗಬೇಡಿ. ಆಯುಧಪೂಜೆ ಮುಗಿದ ಮೇಲಿನ ದಿನಗಳಲ್ಲಿ ಈ ಮೇಜಿಗೆ ಬರುವ ಕಂಪ್ಯೂಟರುಗಳಲ್ಲಿ ಕುಂಕುಮ ಸಿಗುತ್ತದೆ, ಹೂವಿನ ಎಸಳು ಸಿಗುತ್ತದೆ, ಒಮ್ಮೆ ನಿಂಬೆಹಣ್ಣಿನ ಹೋಳೇ ಸಿಕ್ಕಿತ್ತು. ಜನ ಟ್ರ್ಯಾಕ್ಟರಿಗೆ ಮಾಡುವ ಪೂಜೆಯನ್ನೇ ಪ್ರೀತಿಯಿಂದ ಇದಕ್ಕೂ ಮಾಡುತ್ತಾರೆ. ಟ್ರ್ಯಾಕ್ಟರ್ ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ. ಆದರೆ ಈಗ ಮೇಜಿನ ಮೇಲಿರುವ ಮಷಿನ್ ನೆನೆದರೆ ನಗು ಬರುವುದಿಲ್ಲ. ಇದರ ಹೆಸರು ಹೇಳಿಕೊಂಡೇ ಈ ಹೆಣ್ಣುಮಗಳನ್ನು ಇಡೀ ತಾಲ್ಲೂಕಿನ ಮುಂದೆ ಕಳ್ಳಿ ಎಂದಿದ್ದಾರೆ.

ಇಷ್ಟು ಬೇಗ ಎದ್ದು ಕೂರುವುದಕ್ಕೆ ಕಾರಣವಿದೆ. ಎದುರಿಗೆ ಕೊಬ್ಬರಿ ವ್ಯಾಪಾರದವರ ಅಂಗಳ. ಬಿಸಿಲೇರಿದರೆ ಅಲ್ಲಿ ಕಾಯಿ ಸುಲಿಯುವುದು ಶುರು, ನಾರಿನ ಧೂಳು ಬೀದಿಗೆಲ್ಲ ಹಬ್ಬುತ್ತದೆ. ಬಿಚ್ಚಿದ ಬೋರ್ಡನ್ನು ಆ ಹೊತ್ತಿಗೆ ಮುಚ್ಚಿಬಿಡಬೇಕು. ಹಾಗಾಗಿ ಬಿಚ್ಚುವ ಕೆಲಸ ಹೆಚ್ಚಾಗಿ ಬೆಳಗಿನ ಜಾವ, ಜೋಡಿಸುವ ಕೆಲಸ ಬಾಗಿಲು ಹಾಕಿಕೊಂಡು ಮಧ್ಯಾಹ್ನ. ಗಂಡ ಇಂದುಧರ ಅದೇ ಅಂಗಳದಲ್ಲಿ ತೂಕದ ಕೆಲಸ ಮಾಡುತ್ತಾರೆ. ಕೆಲಸಕ್ಕೆ ಹೋಗುವ ಮುನ್ನ ಉಪ್ಪಿಟ್ಟು ಮಾಡಿ, ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿಟ್ಟು ಹೋಗುವುದು ಅವರ ಪಾಲು. ಹೆಂಡತಿಯ ಮೇಜಿನ ಹತ್ತಿರ ಮಾತ್ರ ಬರುವುದಿಲ್ಲ. ಅವರ ಬಟ್ಟೆಯಲ್ಲೇ ಅರ್ಧ ಅಂಗಳದ ನಾರಿರುತ್ತದಂತೆ.

ದ್ರಾಕ್ಷಾಯಣಿ ಮಾಡುವ ಕೆಲಸ ಏನೆಂದರೆ, ಮನೆಯಲ್ಲಿ ಆಟ ಆಡುವವರಿಗೆ ಕಂಪ್ಯೂಟರ್ ಕಟ್ಟಿಕೊಡುವುದು. ಅಂಗಡಿಯಲ್ಲಿ ಡಬ್ಬಿ ಸಮೇತ ಸಿಗುವ ಕಂಪ್ಯೂಟರ್ ಬಿಲ್ಲು ಬರೆಯಲು, ಅರ್ಜಿ ತುಂಬಲು ಸಾಕು. ಆದರೆ ಕಾರು ಓಡಿಸುವ, ಫುಟ್‌ಬಾಲ್ ಒದೆಯುವ, ವಿಮಾನ ಹಾರಿಸುವ ಇವತ್ತಿನ ಆಟಗಳಿಗೆ ಅದು ಏದುಸಿರು ಬಿಡುತ್ತದೆ. ಚಿತ್ರ ಮೂಡಿಸಲೆಂದೇ ಬೇರೆ ಕಾರ್ಡ್ ಬೇಕು, ಆ ಕಾರ್ಡಿಗೆ ತಕ್ಕ ಪವರ್ ಸಪ್ಲೈ ಬೇಕು, ಅಷ್ಟೆಲ್ಲ ಬಿಸಿ ಹೊರಹಾಕಲು ಫ್ಯಾನು ಬೇಕು. ಇವನ್ನೆಲ್ಲ ಒಂದೊಂದಾಗಿ ಆರಿಸಿ ತಂದು, ಒಂದಕ್ಕೊಂದು ಹೊಂದಿಸಿ, ವರ್ಷಗಳು ಕಳೆದಂತೆ ಒಂದೊಂದನ್ನೇ ಬದಲಿಸುತ್ತ ಅದೇ ಮಷಿನನ್ನು ಹೊಸ ಆಟಗಳಿಗೆ ಸಜ್ಜು ಮಾಡುತ್ತ ಹೋಗುವುದು ಇವರ ಕೆಲಸ. ಬೇಲೂರು, ಹಳೇಬೀಡು, ಬಾಣಾವರ, ಅತ್ತ ಅರೇಹಳ್ಳಿಯವರೆಗೂ ಇವರು ಕಟ್ಟಿದ ಮಷಿನ್‌ಗಳಿವೆ. ಮನೆ ಮುಂದೆ ಹೆಸರಿನ ಬೋರ್ಡು ಹಾಕಿಲ್ಲ. ಗೊತ್ತಿದ್ದವರು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಬಾಗಿಲಲ್ಲಿ ನಿಂತು ಇವತ್ತಿಗೂ ಕೇಳುವುದು ಒಂದೇ: "ಯಜಮಾನ್ರು ಇಲ್ವಾ?"

"ಅವ್ರು ಕೊಬ್ಬರಿ ತೂಗೋಕೆ ಹೋಗವ್ರೆ, ನಿಮಗೆ ಕೊಬ್ಬರಿ ಬೇಕಾ ಅಂತ ಕೇಳ್ತೀನಿ," ಎನ್ನುತ್ತಾರೆ ದ್ರಾಕ್ಷಾಯಣಿ. ಹೇಳುವಾಗ ಮುಖದಲ್ಲಿ ನಗುವಿಲ್ಲ.

ಇವರ ಊರು ಬಾಣಾವರ. ಪಿಯುಸಿ ಮುಗಿಸಿ ಅರಸೀಕೆರೆಯ ಒಂದು ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದರು. ಟೈಪ್‌ರೈಟರ್ ಕಾಲ ಮುಗಿಯುತ್ತಿದ್ದಂತೆ ಶಾಲೆ ಕಂಪ್ಯೂಟರ್ ಸೆಂಟರ್ ಆಯಿತು, ಆಮೇಲೆ ಅದೂ ಮುಚ್ಚಿತು. ಕೆಟ್ಟು ನಿಂತಿದ್ದ ಎರಡು ಕಂಪ್ಯೂಟರನ್ನು ಗುಜರಿಗೆ ಹಾಕಲು ಹೊರಟಿದ್ದರು. ಆಗಷ್ಟೇ ಮದುವೆಯಾಗಿದ್ದ ದ್ರಾಕ್ಷಾಯಣಿ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದರು. ಅಡುಗೆಮನೆಯಲ್ಲಿ ಗೋಣಿಚೀಲ ಹಾಸಿ, ಎರಡನ್ನೂ ಬಿಚ್ಚಿ ಹರಡಿಕೊಂಡು, ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಹಾಕಿ ನೋಡುತ್ತ ದಿನಗಟ್ಟಲೆ ಕೂತರು. ಹೊಸ ಸೊಸೆ ಕುಕ್ಕರ್ ಇಡಲು ಜಾಗ ಬಿಡದೆ ಕಬ್ಬಿಣ ಹರಡಿದ್ದಾಳೆಂದು ಮನೆಯಲ್ಲಿ ಮಾತಾಯಿತು. ಇಂದುಧರ ಮಾತ್ರ ಅದನ್ನು ದಾಟಿಕೊಂಡು ಹೋಗಿ ಒಲೆ ಹಚ್ಚಿದರಂತೆ. ಇವತ್ತಿನ ಉಪ್ಪಿಟ್ಟಿನ ಮೂಲ ಅದೇ.

ಕೊನೆಗೆ ಎರಡು ಸತ್ತ ಕಂಪ್ಯೂಟರಿನಿಂದ ಒಂದು ಎದ್ದಿತು. ಹಿಂಬದಿ ಉಬ್ಬಿದ ದೊಡ್ಡ ಮಾನಿಟರಿನಲ್ಲಿ ಬೆಳಕು ಬಂದಾಗ ಇಂದುಧರ ಚಪ್ಪಲಿ ಬಿಟ್ಟು ಕೈಮುಗಿದರು. ಅದರಲ್ಲೊಂದು ಕಾರ್ ರೇಸಿನ ಆಟವಿತ್ತು. "ರೇಸಾ ಅದು? ಎತ್ತಿನ ಗಾಡಿ ಕಣ್ರೀ. ತಿರುವು ಬಂದ್ರೆ ನಿಂತು ಯೋಚ್ನೆ ಮಾಡೋದು," ಎಂದು ದ್ರಾಕ್ಷಾಯಣಿ ಅದನ್ನು ನೆನೆಯುತ್ತಾರೆ. ಮೆಮೊರಿ ಸಾಲದು ಎಂದು ತಿಳಿಯಲು ಒಂದಷ್ಟು ದಿನ ಹಿಡಿಯಿತು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ವಿಚಾರಿಸಿಕೊಂಡು, ಒಂದು ಮೆಮೊರಿ ಕಡ್ಡಿ ತಂದರು. ಬೆರಳುದ್ದದ ಅದನ್ನು ಕರ್ಚೀಫಿನಲ್ಲಿ ಸುತ್ತಿ, ರೈಲಿನ ನೂಕುನುಗ್ಗಲಿನಲ್ಲಿ ಅಂಗೈಯಲ್ಲೇ ಹಿಡಿದು ಬಂದರು. ಮನೆಗೆ ಬಂದು ಹಾಕಿದರೆ ಕಂಪ್ಯೂಟರ್ ಕೀಕ್ ಕೀಕ್ ಎಂದು ಅತ್ತಿತು. ಹಾಕಿದವರೂ ಅತ್ತರು. ಮಾರಿದ ಅಂಗಡಿಯವನಿಗೆ ಬೂತಿನಿಂದ ಫೋನ್ ಮಾಡಿದರೆ ಅವನು ನಕ್ಕು, ಅದರ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಮ್ಮಾ ಎಂದ. ಉಜ್ಜಿ ಹಾಕಿದರು. ಕಾರು ಓಡಿತು. ಆ ಪೆನ್ಸಿಲ್ ರಬ್ಬರು ಇವತ್ತಿಗೂ ಇವರ ಮೇಜಿನ ಮೊದಲ ಸಾಮಾನು.

ಆಮೇಲೆ ಚಿತ್ರದ ಕಾರ್ಡಿನ ಸರದಿ. ಅದನ್ನು ಹಾಕಿದ ಮೇಲೆ ಕಂಪ್ಯೂಟರ್ ಚೆನ್ನಾಗೇ ಶುರುವಾಗುತ್ತಿತ್ತು, ರೇಸು ಶುರು ಮಾಡಿದೊಡನೆ ಟಪ್ಪೆಂದು ಆರಿಹೋಗುತ್ತಿತ್ತು. ಪಕ್ಕದ ಮನೆಯವರ ಮಿಕ್ಸಿಯಿಂದ ಹೀಗಾಗುತ್ತಿದೆ ಎಂದು ಇಂದುಧರ ನಂಬಿದ್ದರು, ಅವರ ಮನೆಗೆ ಹೋಗಿ ಚಟ್ನಿ ರುಬ್ಬುವ ಹೊತ್ತು ಕೇಳಿಕೊಂಡೂ ಬಂದಿದ್ದರು. ತಪ್ಪು ಇದ್ದದ್ದು ಹಳೆಯ ಪವರ್ ಸಪ್ಲೈಯದು. "ಜೋಡೆತ್ತು ಎಳೆಯೋ ಗಾಡಿಗೆ ಕರು ಕಟ್ಟಿದ್ದೆ. ಪಾಪ ಅದೇನ್ ಮಾಡೀತು?" ಬೇಸಿಗೆಯಲ್ಲಿ ಬಿಸಿಯಾಗುತ್ತದೆಂದು ಪಕ್ಕದ ತಗಡು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟರು. ಒಳಗೆ ಹಲ್ಲಿ ಸೇರಿಕೊಂಡು ಮೊಟ್ಟೆ ಇಟ್ಟಿತು. ಸಂಜೆ ಗಂಡ ಹೆಂಡತಿ ಇಬ್ಬರೂ ಒಂದೇ ಕೀಬೋರ್ಡಿನ ಎರಡು ತುದಿ ಹಿಡಿದು ರೇಸಿಗೆ ಕೂತರೆ ಕಿಟಕಿಯಲ್ಲಿ ಬೀದಿಯವರ ಮುಖಗಳು. ಇಂದುಧರ ಪ್ರತಿಸಲವೂ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದುತ್ತಿದ್ದರು. ಈಗಲೂ ಅಲ್ಲೇ ಗುದ್ದುತ್ತಾರೆ. ಮಷಿನ್ ಹೊಸದಾದ ಹಾಗೆ ಗೋಡೆ ಚೆನ್ನಾಗಿ ಕಾಣುತ್ತದೆ, ಅಷ್ಟೇ ವ್ಯತ್ಯಾಸ ಎನ್ನುತ್ತಾರೆ.

ಕಿಟಕಿಯಲ್ಲಿ ನಿಂತು ನೋಡಿದವರೇ ಮೊದಲ ಗಿರಾಕಿಗಳಾದರು. ಅವರಿಂದ ಕೇಳಿ ಬಂದವರಲ್ಲಿ ಬೇಲೂರಿನ ಧರ್ಮಪ್ಪ ಒಬ್ಬರು. ಪ್ರವಾಸಿಗರಿಗೆ ದೇವಸ್ಥಾನ ತೋರಿಸುವ ಗೈಡು. ದಿನವಿಡೀ ಮಾತಾಡಿ ಗಂಟಲು ಬತ್ತಿದ ಮೇಲೆ ಮನೆಗೆ ಹೋಗಿ ವಿಮಾನ ಹಾರಿಸುತ್ತಾರೆ. ಮೋಡದ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬುದು ಅವರ ಸುಖ. ಹಳೇಬೀಡಿನ ಸ್ವಾತಿ ಇನ್ನೊಬ್ಬರು. ಪಂಚಾಯಿತಿ ಕಚೇರಿಯಲ್ಲಿ ಕೆಲಸ, ಸಂಜೆ ಮನೆಯಲ್ಲಿ ಫುಟ್‌ಬಾಲ್. ಊರಿಗೆ ತಕ್ಕಂತೆ ಮಷಿನ್ ಕಟ್ಟುವುದನ್ನು ದ್ರಾಕ್ಷಾಯಣಿ ಹೀಗೇ ಕಲಿತದ್ದು. ಅರಸೀಕೆರೆ ಕಡೆಗಾದರೆ ನಾರಿನ ಧೂಳು ತಡೆಯಲು ಗಾಳಿ ಹೋಗುವ ಕಿಂಡಿಗಳಿಗೆಲ್ಲ ಹಳೆ ಸೊಳ್ಳೆಪರದೆಯ ತುಂಡು. ಅರೇಹಳ್ಳಿ ಕಡೆ ಧೂಳಿಲ್ಲ, ಆದರೆ ಮಳೆಗಾಲದ ಥಂಡಿಗೆ ಬೋರ್ಡು ಬೂಷ್ಟು ಹಿಡಿಯುತ್ತದೆ. ಅಲ್ಲಿಯವರಿಗೆ ಆಟ ಆಡದಿದ್ದರೂ ದಿನಾ ಸ್ವಲ್ಪ ಹೊತ್ತು ಹಚ್ಚಿಡಿ ಎಂದು ಹೇಳಿ ಕಳಿಸುತ್ತಾರೆ.

ಇವರಲ್ಲೊಂದು ಪದ್ಧತಿಯಿದೆ. ಈ ಕಥೆ ನಿಂತಿರುವುದೇ ಅದರ ಮೇಲೆ. ಒಬ್ಬರ ಮನೆಯ ಕಾರ್ಡು ಬಿಚ್ಚಿ ಹೊಸದು ಹಾಕಿದಾಗ, ಬಿಚ್ಚಿದ್ದು ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಕಡಿಮೆ ಅನುಕೂಲದ ಮತ್ತೊಬ್ಬರ ಮಷಿನ್‌ಗೆ ಹಾಕುತ್ತಾರೆ. ಹಾಕುವಾಗ ಯಾರ ಮನೆಯದೆಂದು ಹೇಳಿಯೇ ಹಾಕುತ್ತಾರೆ. ಹೇಳುವುದಷ್ಟೇ ಅಲ್ಲ, ಹಳೆಯ ಮನೆಯವರನ್ನೇ ಕರೆಸಿ ಹೊಸ ಮನೆಯಲ್ಲಿ ಮೊದಲ ಸಲ ಅವರ ಕೈಯಿಂದಲೇ ಸ್ವಿಚ್ ಒತ್ತಿಸುತ್ತಾರೆ. ಧರ್ಮಪ್ಪನವರ ಹಳೆ ಕಾರ್ಡು ಸ್ವಾತಿಯ ಮನೆಗೆ ಹೋದಾಗ ಧರ್ಮಪ್ಪ ಹಳೇಬೀಡಿಗೆ ಹೋಗಿ ಸ್ವಿಚ್ ಒತ್ತಿ, ಪಾಯಸ ಉಂಡು ಬಂದರು. ಹಸು ಕೊಟ್ಟವರು ಹಗ್ಗ ಕೈಗಿಡುವ ಹಾಗೆ. ಕೊಟ್ಟವರೇ ಎದುರಿಗೆ ನಿಂತಾಗ ಸುಳ್ಳಿಗೆ ಜಾಗವೆಲ್ಲಿ? ಹಳೆಯದನ್ನು ಹೊಸದೆನ್ನಲು ಬರುವುದಿಲ್ಲ, ಕೆಟ್ಟದ್ದನ್ನು ಒಳ್ಳೆಯದೆನ್ನಲು ಬರುವುದಿಲ್ಲ.

"ಯಾರ ಮನೇದು ಅಂತ ಹೇಳಕ್ ಆಗ್ದೇ ಇರೋ ಸಾಮಾನು ನನ್ ಮೇಜಿಗೆ ಬರಾಕಿಲ್ಲ," ಎನ್ನುತ್ತಾರೆ.

ಇಂಥವರ ಮೇಲೆ ಬಂದ ಆರೋಪ ಏನು ಗೊತ್ತೇ? ತುಕ್ಕು ಹಿಡಿದ ಹಳೆ ಮಾಲನ್ನು ಹೊಸದೆಂದು ಹಾಕಿದರು ಅಂತ.

ಆರೋಪ ಮಾಡಿದವರು ಕಣಕಟ್ಟೆಯ ತಿಮ್ಮೇಶ್. ತೆಂಗಿನ ತೋಟ, ಟ್ರ್ಯಾಕ್ಟರು, ಕಾರು ಇರುವ ಮನೆ. ರೇಸ್ ಆಟದ ಹುಚ್ಚು. ಎಲ್ಲವೂ ಹೊಸದೇ ಬೇಕೆಂದು ಹೇಳಿ ಈ ವರ್ಷ ದ್ರಾಕ್ಷಾಯಣಿಯಿಂದ ಮಷಿನ್ ಕಟ್ಟಿಸಿಕೊಂಡರು. ಗಾಜಿನ ಬಾಗಿಲು, ಒಳಗೆ ಬಣ್ಣ ಬದಲಿಸುವ ದೀಪಗಳು. ಅದರ ಫೋಟೋವನ್ನು ಈ ಭಾಗದ ಆಟಗಾರರ ವಾಟ್ಸಾಪ್ ಗುಂಪಿಗೆ ಅವರೇ ಹಾಕಿದ್ದರು. ಆ ಗುಂಪಿನ ಯಜಮಾನಿಕೆಯೂ ಅವರದೇ. ದ್ರಾಕ್ಷಾಯಣಿಯ ಗಿರಾಕಿಗಳೆಲ್ಲ ಇರುವುದು ಆ ಗುಂಪಿನಲ್ಲಿ, ಹೊಸ ಕೆಲಸ ಬರುವುದೂ ಅಲ್ಲಿಂದಲೇ. ಬೋರ್ಡಿಲ್ಲದ ಈ ಮನೆಗೆ ಅದೇ ಬೋರ್ಡು.

ಆಯುಧಪೂಜೆಯಾದ ಎರಡು ದಿನಕ್ಕೆ ಮಷಿನ್ ಸತ್ತಿತು. ಕಟ್ಟಿದವರಿಗೆ ಒಂದು ಫೋನ್ ಮಾಡಬೇಕಲ್ಲವೇ? ಮಾಡಲಿಲ್ಲ. ಹಾಸನದಿಂದ ಪರಿಚಯದ ಒಬ್ಬನನ್ನು ಕರೆಸಿದರು. ಅವನು ಟಾರ್ಚು ಬಿಟ್ಟು ನೋಡಿ, ಒಳಗೆ ತುಕ್ಕು ಕಾಣುತ್ತಿದೆ, ಹಳೆ ಮಾಲೇ ಇರಬೇಕು ಎಂದ. ಅವನು ಹಾಗಂದದ್ದೇ ತಡ, ತಿಮ್ಮೇಶ್ ಗುಂಪಿಗೆ ತಮ್ಮ ದನಿಯಲ್ಲೇ ಒಂದು ಸಂದೇಶ ಬಿಟ್ಟರು. ಇದನ್ನು ಬರೆಯಲೆಂದು ಹೋದ ನನಗೆ ಇಂದುಧರ ಅದನ್ನು ಕೇಳಿಸಿದರು. ಹೆಂಡತಿಯ ನಂಬರನ್ನು ಗುಂಪಿನಿಂದ ತೆಗೆದ ತಿಮ್ಮೇಶ್ ಗಂಡನದನ್ನು ಮರೆತಿದ್ದರು.

"ದ್ರಾಕ್ಷಾಯಣಿ ಅನ್ನೋರ ಹತ್ರ ಯಾರೂ ಮಷಿನ್ ಮಾಡಿಸ್ಬೇಡಿ. ತುಕ್ಕು ಹಿಡ್ದಿರೋ ಹಳೇ ಮಾಲು ತುಂಬಿ ಹೊಸದು ಅಂತ ಕೊಟ್ಟವ್ರೆ. ಕಳ್ತನ ಕಣ್ರಪ್ಪಾ ಇದು. ಹೆಂಗಸು ಅಂತ ನಂಬಿ ಕೆಟ್ಟೆ."

ಇಷ್ಟು ಹೇಳಿ ಅವರು ಮಾಡಿದ ಮೊದಲ ಕೆಲಸವೇ ದ್ರಾಕ್ಷಾಯಣಿಯನ್ನು ಗುಂಪಿನಿಂದ ತೆಗೆದದ್ದು. ಆರೋಪಿಯ ಬಾಯಿಗೆ ಬಟ್ಟೆ ತುರುಕಿ ಆಮೇಲೆ ನ್ಯಾಯ ಕೂಡಿಸಿದ ಹಾಗೆ. ದ್ರಾಕ್ಷಾಯಣಿ ಫೋನ್ ಮಾಡಿದರೆ ಎತ್ತಲಿಲ್ಲ. ಬಸ್ಸು ಹತ್ತಿ ಕಣಕಟ್ಟೆಗೆ ಹೋದರು. ನಿಮ್ಮೆದುರಿಗೇ ಬಿಚ್ಚುತ್ತೇನೆ, ನೋಡಿ, ಆಮೇಲೆ ಏನು ಬೇಕಾದರೂ ಅನ್ನಿ ಎಂದು ಕೇಳಿಕೊಂಡರು. ನೋಡುವುದೇನೂ ಉಳಿದಿಲ್ಲ ಎಂದು ತಿಮ್ಮೇಶ್ ಜಗಲಿಯಿಂದಲೇ ಕಳಿಸಿದರು. ಮನೆಯೊಳಗೆ ಕರೆಯಲಿಲ್ಲ. ತಾನು ಕಟ್ಟಿದ ಮಷಿನ್ನಿನ ಮುಖ ನೋಡಲೂ ಬಿಡಲಿಲ್ಲ.

ಸಿಟ್ಟು ತಿಮ್ಮೇಶ್ ಒಬ್ಬರ ಮೇಲೆ ಮಾತ್ರ ಬರಬೇಕೇ? ಆ ಗುಂಪಿನಲ್ಲಿದ್ದವರೆಲ್ಲ ಎಲ್ಲಿ ಹೋಗಿದ್ದರು? ಮಷಿನ್ ಕೈಕೊಟ್ಟಾಗ ಅಕ್ಕ, ಅಕ್ಕ ಎಂದು ಭಾನುವಾರವೂ ಬಿಡದೆ ಫೋನ್ ಮಾಡುವವರು. ತಮ್ಮ ಮನೆಯ ಹಳೆ ಕಾರ್ಡನ್ನು ಇನ್ನೊಬ್ಬರ ಮನೆಯಲ್ಲಿ ಹಚ್ಚಿ, ಪಾಯಸ ಉಂಡು ಬಂದವರು. ಈಕೆ ಹಳೆಯದನ್ನು ಹೊಸದೆಂದು ಹೇಳುವವರಲ್ಲ ಎನ್ನಲು ಅವರಿಗಿಂತ ಬೇರೆ ಸಾಕ್ಷಿ ಬೇಕಿತ್ತೇ? ಒಬ್ಬರೂ ಒಂದು ಮಾತು ಹಾಕಲಿಲ್ಲ. ಧರ್ಮಪ್ಪನವರನ್ನು ಬೇಲೂರಿನಲ್ಲಿ ಹುಡುಕಿಕೊಂಡು ಹೋಗಿ ಕೇಳಿದೆ. ದಿನವೆಲ್ಲ ಮಾತಾಡುವ ಮನುಷ್ಯ ನೆಲ ನೋಡಿದರು. "ದೊಡ್ಡೋರ ಮಾತು, ನಮಗ್ಯಾಕೆ ಅಂತ ಸುಮ್ನಾದೆ. ಸುಮ್ನಾಗಬಾರದಿತ್ತು," ಎಂದರು.

ಇಂಥ ಸುಮ್ಮನಿರುವಿಕೆಯೇ ಹೆಚ್ಚು ಸುಡುತ್ತದೆ. ಮಾಡಿಸಬೇಕೆಂದು ಹೇಳಿದ್ದವರು ಒಬ್ಬೊಬ್ಬರೇ ಈಗ ಬೇಡ, ಆಮೇಲೆ ನೋಡೋಣ ಎಂದರು. ಸ್ವಾತಿ ಮೆತ್ತಗಿನ ದನಿಯಲ್ಲಿ ಫೋನ್ ಮಾಡಿ, ಅಕ್ಕ ತಪ್ಪು ತಿಳೀಬೇಡಿ, ನಮ್ಮದರಲ್ಲೂ ಹಾಗೇನಾದರೂ ಇದೆಯಾ ಎಂದು ಕೇಳಿದರು. ಆ ದಿನ ದ್ರಾಕ್ಷಾಯಣಿ ಮೇಜಿನ ಹತ್ತಿರ ಹೋಗಲಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.

"ನನ್ ಮ್ಯಾಲೆ ನಂಗೇ ಅನುಮಾನ ಬಂತು ಕಣ್ರೀ. ಅಂಗಡಿಯೋರು ನಂಗೆ ಹಳೇದು ಕೊಟ್ರೇನೋ, ನಾನು ಸರಿಯಾಗಿ ನೋಡ್ಲಿಲ್ವೇನೋ ಅಂತ. ಬಿಚ್ಚಿ ನೋಡ್ದೆ ಹೆಂಗ್ ಹೇಳ್ಲಿ?"

ಬಿಚ್ಚಿ ನೋಡುವ ದಾರಿ ತಾನಾಗಿಯೇ ಬಂತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಆಟೋ ನಿಂತಿತು. ಇಳಿದವರು ತಿಮ್ಮೇಶ್ ಅವರ ತಾಯಿ ಅಂಕಮ್ಮ. ಹಳೆ ಸೀರೆಯಲ್ಲಿ ಗಂಟು ಕಟ್ಟಿದ ಒಂದು ದೊಡ್ಡ ಮೂಟೆಯನ್ನು ಆಟೋದವನು ಇಳಿಸಿಕೊಟ್ಟ. ಅದರೊಳಗೆ ಆ ಮಷಿನ್. ಮಗ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋದ ದಿನ ನೋಡಿಕೊಂಡು, ತೋಟದ ಆಳಿನ ಕೈಲಿ ಹೊರಿಸಿ, ಮೊದಲ ಬಸ್ಸಿಗೆ ಹತ್ತಿಸಿದ್ದರು. ಕಂಡಕ್ಟರ್ ಇದೇನಜ್ಜಿ ಎಂದು ಕೇಳಿದ್ದಕ್ಕೆ ದೇವರು ಎಂದರಂತೆ. ಅವನು ಡ್ರೈವರ್ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

ದೇವರು ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಹಬ್ಬದ ದಿನ ತಿಮ್ಮೇಶ್ ಹೊರಗೆ ಟ್ರ್ಯಾಕ್ಟರಿಗೆ ಕುಂಬಳಕಾಯಿ ಒಡೆಯುತ್ತಿದ್ದಾಗ ಒಳಗೆ ಅಂಕಮ್ಮ ಇದಕ್ಕೆ ಪೂಜೆ ಮಾಡಿದ್ದರು. ಕೆಂಪು ಹಸಿರು ದೀಪಗಳು ಚೆಂದ ಕಾಣಲಿ ಎಂದು ಮೊಮ್ಮಗಳು ಅದನ್ನು ಹಚ್ಚಿಟ್ಟಿದ್ದಳು. ಹಚ್ಚಿಟ್ಟ ಮಷಿನ್ನಿನ ನೆತ್ತಿಯ ಜಾಲರಿಯ ಮೇಲೆ ಅಂಕಮ್ಮ ಹೂವಿಟ್ಟರು, ವೀಳ್ಯದೆಲೆಯಿಂದ ಕಲಶದ ಅರಿಸಿನ ನೀರು ಚಿಮುಕಿಸಿದರು, ಎರಡು ಕೈಯಿಂದ ಅಕ್ಷತೆ ಹಾಕಿದರು. ಯಾವ ತಾಯಿ ಹಾಕುವುದಿಲ್ಲ ಹೇಳಿ? ಧೂಳು ತಡೆಯಲು ಹಾಕಿದ ಸೊಳ್ಳೆಪರದೆ ನೀರನ್ನು ತಡೆಯಲಿಲ್ಲ. ಅಕ್ಷತೆಯ ಸಣ್ಣ ನುಚ್ಚನ್ನೂ ತಡೆಯಲಿಲ್ಲ. ಹರಿದ ಒಂದು ಮೂಲೆಯಿಂದ ಇಡೀ ಕಾಳುಗಳೂ ಇಳಿದಿದ್ದವು. ಒದ್ದೆಯಾದ ಲೋಹ ಎರಡೇ ದಿನಕ್ಕೆ ಬಣ್ಣಗೆಟ್ಟಿತು. ಹಾಸನದವನು ಅದನ್ನೇ ತುಕ್ಕು ಎಂದ, ತುಕ್ಕು ಕಂಡಿತೆಂದರೆ ಹಳೆ ಮಾಲು ಎಂದ.

ಮಗ ಆ ಸಂದೇಶವನ್ನು ಸ್ನೇಹಿತರಿಗೆಲ್ಲ ಕೇಳಿಸುತ್ತಿದ್ದಾಗ ಅಂಕಮ್ಮನ ಕಿವಿಗೆ ತುಕ್ಕು ಎಂಬ ಮಾತು ಬಿತ್ತು. ನೀರು ಬೀಳದೆ ತುಕ್ಕು ಎಲ್ಲಿಂದ ಬಂತು ಎಂದು ಯೋಚಿಸಿದರಂತೆ. ಮಗನಿಗೆ ಹೇಳಲು ಹೋದರೆ, ಸುಮ್ಕಿರವ್ವ ನಿಂಗೇನ್ ಗೊತ್ತು ಎಂದುಬಿಟ್ಟ. ಅದಕ್ಕೇ ಹೊತ್ತುಕೊಂಡು ಬಂದರು. ಮೇಜಿನ ಮೇಲೆ ಗಾಜಿನ ಬಾಗಿಲು ಬಿಚ್ಚಿದಾಗ ಮೊದಲ ಅಕ್ಕಿಕಾಳು ಉರುಳಿ ಬಂದದ್ದು ಅವರ ಎದುರಿಗೇ.

"ನನ್ ಅಕ್ಷತೆ ಕಣವ್ವಾ ಇದು," ಎಂದರು ಅಂಕಮ್ಮ. "ನಾನ್ ಮಾಡಿದ್ ಪೂಜೆಗೆ ನೀನು ಕಳ್ಳಿ ಆದ್ಯಲ್ಲ."

ನಾನೇ ಮಗನ ಫೋನು ತೆಗೆದುಕೊಂಡು ಆ ಗುಂಪಿಗೆ ಹೇಳುತ್ತೇನೆ, ಹೇಗೆ ಒತ್ತುವುದೆಂದು ಕಲಿಸಿಕೊಡು ಎಂದು ಕೇಳಿದರು. ದ್ರಾಕ್ಷಾಯಣಿ ಕಲಿಸಲಿಲ್ಲ. ಒಂದು ಸಂದೇಶದಲ್ಲಿ ಮುಗಿದುಹೋಗುವ ಕಷ್ಟ, ಯಾಕೆ ಬೇಡವೆಂದಿರಿ ಎಂದು ನಾನು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಈ ಬರಹದಲ್ಲಿ ಬೇರೆಲ್ಲ ಬಿಟ್ಟರೂ ಉಳಿಸಿಕೊಳ್ಳುತ್ತಿದ್ದೆ.

"ನೀರು ಹಾಕಿದ್ದು ತಪ್ಪಲ್ಲ. ಗೊತ್ತಿಲ್ದೆ ಪ್ರೀತಿಯಿಂದ ಹಾಕವ್ರೆ. ಕೇಳದೇನೆ, ನೋಡದೇನೆ ಕಳ್ಳಿ ಅಂದ್ರಲ್ಲ, ತಪ್ಪು ಅದು. ಅದನ್ನ ಅಂದಿದ್ದು ಈ ಅಮ್ಮ ಅಲ್ಲ. ಅಂದೋರೇ ವಾಪಸ್ ತಗೋಬೇಕು."

ನಿಮ್ಮ ಹೆಸರು ಇದರಲ್ಲಿ ಬರೆಯಬಹುದೇ ಎಂದು ಆಮೇಲೆ ಅಂಕಮ್ಮನನ್ನೂ ಕೇಳಿದೆ. ಪೂಜೆ ಮಾಡಿದ್ದಕ್ಕೆ ನಾಚಿಕೆ ಏಕೆ, ಬರೀರಿ, ಜೊತೆಗೆ ಹಚ್ಚಿಟ್ಟ ಮಷಿನ್‌ಗೆ ನೀರು ಹಾಕಬೇಡಿ ಅಂತಲೂ ಬರೀರಿ ಎಂದರು. ಬರೆದಿದ್ದೇನೆ.

ಹಾಗಾಗಿ ಈ ಬರಹದ ಮೊದಲಲ್ಲಿ ನೋಡಿದ ಆ ಬೆಳಗಿನ ಕೆಲಸ. ಸ್ಪಿರಿಟ್ಟಿನಲ್ಲಿ ಅದ್ದಿದ ಮೃದು ಬ್ರಷ್ಷಿನಿಂದ ಬೋರ್ಡಿನ ಚಿಪ್‌ಗಳ ಒಂದೊಂದೇ ಲೋಹದ ಕಾಲು ಉಜ್ಜಿ, ಒಣಗಿಸಿ, ಮತ್ತೆ ಉಜ್ಜುತ್ತಾರೆ. ಪವರ್ ಸಪ್ಲೈ ಉಳಿಯಲಿಲ್ಲ, ಬೇರೆ ಹಾಕಿದ್ದಾರೆ. ಬೋರ್ಡೂ ಕಾರ್ಡೂ ಉಳಿದಿವೆ. ಎದುರಿನ ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು ಶುರುವಾಗುವ ಹೊತ್ತಿಗೆ ಗಾಜಿನ ಬಾಗಿಲು ಹಾಕಿ ಸ್ವಿಚ್ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆಯ ಮೇಲೆ ಕಾರು ಬಂದು ನಿಲ್ಲುತ್ತದೆ. ಇಂದುಧರ ಹೊರಗಿನಿಂದಲೇ ಇಣುಕಿ ನೋಡಿ ಹೋಗುತ್ತಾರೆ.

ಮಧ್ಯಾಹ್ನ ಬೀದಿಗೆ ಬಿಳಿ ಕಾರು ಬರುತ್ತದೆ. ತಿಮ್ಮೇಶ್, ಜೊತೆಗೆ ಅಂಕಮ್ಮ. ಪೂಜೆಯ ನೀರಿನ ವಿಷಯ ಹೇಳಿ ಮಗನನ್ನು ಹೊರಡಿಸಿಕೊಂಡು ಬಂದವರು ಅವರೇ. ತಿಮ್ಮೇಶ್ ನಿಂತುಕೊಂಡೇ ಒಂದು ಸುತ್ತು ರೇಸು ಆಡಿ ನೋಡುತ್ತಾರೆ. ಮುಖ ಅರಳುತ್ತದೆ. ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ ಎನ್ನುತ್ತಾರೆ, ಎಷ್ಟಾಯಿತು ಎಂದು ಜೇಬಿಗೆ ಕೈ ಹಾಕುತ್ತಾರೆ. ಆ ಸಂದೇಶದ ವಿಷಯವೇ ಇಲ್ಲ. ಅಂಥದ್ದೊಂದು ಆಗೇ ಇಲ್ಲವೆನ್ನುವ ಹಾಗೆ.

"ದುಡ್ಡು ಬೇಡ," ಎನ್ನುತ್ತಾರೆ ದ್ರಾಕ್ಷಾಯಣಿ. "ಗುಂಪಿಗೆ ಹೇಳಿ, ಮಷಿನ್ ತಗೊಂಡ್ ಹೋಗಿ."

ಮನೆಗೆ ಹೋಗಿ ನಿಧಾನವಾಗಿ ಹೇಳುತ್ತೇನೆ, ಅದೇನು ದೊಡ್ಡ ವಿಷಯ ಎಂದು ತಿಮ್ಮೇಶ್ ನಗುತ್ತಾರೆ. ದ್ರಾಕ್ಷಾಯಣಿ ನಗುವುದಿಲ್ಲ. ಕಳ್ಳಿ ಎನ್ನಲು ಮನೆಗೆ ಹೋಗುವವರೆಗೂ ಕಾದಿರಾ ಎಂದು ಕೇಳುತ್ತಾರೆ. ತಿಮ್ಮೇಶ್ ಅವರ ಮುಖ ಕೆಂಪಾಗುತ್ತದೆ. ಅವ್ವ ಏಳು ಎಂದು ತಾಯಿಗೆ ಹೇಳಿ ಬಾಗಿಲಿಗೆ ನಡೆಯುತ್ತಾರೆ. ಅಂಕಮ್ಮ ಗೋಡೆಗಾನಿಸಿದ ಬೆಂಚಿನಿಂದ ಏಳುವುದಿಲ್ಲ.

"ನೀನ್ ಹೋಗ್ಲಾ," ಎನ್ನುತ್ತಾರೆ. "ನಾನು ಬಸ್ಸಿಗೆ ಬತ್ತೀನಿ. ಬಂದ ಮ್ಯಾಲೆ ನಿನ್ ಕೈಲಿ ಅನ್ನ ಇಕ್ಕಿಸ್ಕೊಳೋ ಆಸೆ ನಂಗಿಲ್ಲ."

ತಿಮ್ಮೇಶ್ ಕಾರಿನೊಳಗೆ ಹೋಗಿ ಕೂರುತ್ತಾರೆ. ಕಾರು ಹೊರಡುವುದಿಲ್ಲ. ಒಳಗೆ ಇಬ್ಬರು ಹೆಂಗಸರೂ ಬೀದಿಯ ಕಡೆ ನೋಡುವುದಿಲ್ಲ, ದ್ರಾಕ್ಷಾಯಣಿ ಅಂಕಮ್ಮನಿಗೆ ಉಪ್ಪಿಟ್ಟು ಕೊಡುತ್ತಾರೆ, ಉಪ್ಪು ಸ್ವಲ್ಪ ಮುಂದೆ ಎಂದು ಅಂಕಮ್ಮ ಹೇಳುತ್ತಾರೆ, ಮಾಡಿದವರು ಗಂಡಸರು ಎಂದು ಇವರು ಹೇಳುತ್ತಾರೆ. ಅಷ್ಟರಲ್ಲಿ ಎದುರಿನ ಅಂಗಳದಿಂದ ಇಂದುಧರ ಫೋನು ಹಿಡಿದುಕೊಂಡು ನಾರಿನ ಬಟ್ಟೆಯಲ್ಲೇ ಓಡಿ ಬರುತ್ತಾರೆ. ಗುಂಪಿಗೆ ಸಂದೇಶ ಬಂದಿದೆ. ತಿಮ್ಮೇಶ್ ಅವರ ದನಿ, ಗಡಿಬಿಡಿಯಲ್ಲಿ: "ಎಲ್ರಿಗೂ ನಮಸ್ಕಾರ. ನನ್ ಮಷಿನ್ ಈಗ ಸರಿಯಾಗೈತೆ. ಹಳೇ ಮಾಲೇನೂ ಇರ್ಲಿಲ್ವಂತೆ. ಸಣ್ಣದೊಂದು ತಪ್ಪು ತಿಳುವಳಿಕೆ ಆಗಿತ್ತು. ಆಯ್ತು."

ಇಂದುಧರ ಹೆಂಡತಿಯ ಮುಖ ನೋಡುತ್ತಾರೆ. ಅಂಕಮ್ಮನೂ ನೋಡುತ್ತಾರೆ. ನನಗಂತೂ ಇಷ್ಟಾದರೂ ಬಂತಲ್ಲ ಎನಿಸಿತು. ಸಣ್ಣದರಲ್ಲಿ ಸಮಾಧಾನ ಮಾಡಿಕೊಳ್ಳುವ ಅಭ್ಯಾಸ ನಮಗೆಲ್ಲ ಹೇಗೆ ಅಂಟಿಕೊಂಡಿದೆ ನೋಡಿ.

ದ್ರಾಕ್ಷಾಯಣಿ ಫೋನನ್ನು ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಪೂರ್ತಿ ಕೇಳುತ್ತಾರೆ. ಆಮೇಲೆ ಗಂಡನ ಕೈಗೆ ವಾಪಸ್ ಕೊಡುತ್ತಾರೆ.

"ಇದ್ರಲ್ಲಿ ನನ್ ಹೆಸ್ರಿಲ್ಲ. ಕಳ್ಳಿ ಅನ್ನುವಾಗ ಹೆಸ್ರು ಹೇಳಿದ್ರು. ಅಲ್ಲ ಅನ್ನುವಾಗ್ಲೂ ಹೆಸ್ರು ಹೇಳ್ಬೇಕು. ಹೋಗಿ, ಇನ್ನೊಂದ್ಸಲ ಹೇಳಿ ಅಂತ ಹೇಳಿ."

ಇಂದುಧರ ಕಾರಿನ ಕಡೆ ನಡೆಯುತ್ತಾರೆ. ದ್ರಾಕ್ಷಾಯಣಿ ಬಾಗಿಲು ಹಾಕಿಕೊಂಡು ಮಷಿನ್ನಿನ ವೈರ್ ಬಿಚ್ಚಿ ಪಕ್ಕಕ್ಕೆ ಸರಿಸಿಡುತ್ತಾರೆ. ಅರೇಹಳ್ಳಿಯಿಂದ ಬಂದ ಇನ್ನೊಂದು ಮಷಿನ್ ಮೇಜಿನ ಕೆಳಗೆ ಕಾಯುತ್ತಿದೆ, ಬೂಷ್ಟು ಹಿಡಿದಿದೆ. ಅದನ್ನು ಮೇಲೆತ್ತಿಕೊಂಡು ಮೊದಲ ಸ್ಕ್ರೂ ತಿರುಗಿಸುತ್ತಾರೆ.